ಮ್ಯಾಡ್ರಿಡ್‌ನಿಂದ ಒಂದು ದಿನಕ್ಕೆ: ಟೊಲೆಡೊ ಮೇಲೋ, ಸೆಗೋವಿಯಾ ಮೇಲೋ?

ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ವಾಪಸಾಗುವುದಿದ್ದರೆ ಸೆಗೋವಿಯಾ. ಟೊಲೆಡೊದಲ್ಲಿ ನೋಡುವುದು ಹೆಚ್ಚಿದೆ ನಿಜ, ಹೆಚ್ಚಿರುವುದೇ ಅಲ್ಲಿನ ತೊಡಕು.

ವೇಗದ ರೈಲಿನಲ್ಲಿ ಎರಡೂ ಊರು ಅರ್ಧ ಗಂಟೆಯ ದಾರಿ. ಆದರೆ ಟೊಲೆಡೊ ರೈಲು ಹೊರಡುವುದು ಅತೋಚಾದಿಂದ, ಸೆಗೋವಿಯಾದ್ದು ಚಮಾರ್ತಿನ್‌ನಿಂದ. ಮೊದಲನೆಯದು ಮ್ಯಾಡ್ರಿಡ್‌ನ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ನಿಲ್ದಾಣ ಅದಲುಬದಲಾದರೆ ರೈಲು ಸಿಗುವುದಿಲ್ಲ.

ಸೆಗೋವಿಯಾದಲ್ಲಿ ಇಳಿಯುವುದು ಗಿಯೋಮಾರ್ ನಿಲ್ದಾಣದಲ್ಲಿ. ಅದು ಊರಿಂದ ಐದಾರು ಕಿ.ಮೀ. ಆಚೆ, ಬಯಲಲ್ಲಿದೆ. 11ನೇ ನಂಬರಿನ ಬಸ್ಸು ಹತ್ತಿದರೆ ರೋಮನ್ನರು ಊರಿಗೆ ನೀರು ತರಲು ಕಮಾನುಗಳ ಮೇಲೆ ಕಟ್ಟಿದ ಮೇಲ್ಗಾಲುವೆಯ ಬುಡಕ್ಕೇ ಬಿಡುತ್ತದೆ. ಮ್ಯಾಡ್ರಿಡ್‌ನ ಮೊಂಕ್ಲೋವಾ ನಿಲ್ದಾಣದಿಂದ ಬರುವ ಬಸ್ಸಿಗೆ ಒಂದೂಕಾಲು ಗಂಟೆ ಹಿಡಿದರೂ ಊರೊಳಗೇ ಇಳಿಸುತ್ತದೆ. ಒಟ್ಟು ಸಮಯದಲ್ಲಿ ರೈಲಿಗೂ ಅದಕ್ಕೂ ದೊಡ್ಡ ಅಂತರವಿಲ್ಲ, ದುಡ್ಡು ಉಳಿಯುತ್ತದೆ.

ಅಲ್ಲಿಂದ ಮುಂದೆ ದಾರಿ ಕೇಳಬೇಕಾಗಿಲ್ಲ. ಗಾರೆಯಿಲ್ಲದೆ ಪೇರಿಸಿದ ಗ್ರಾನೈಟ್ ಕಲ್ಲುಗಳ, ಸುಮಾರು 28 ಮೀಟರ್ ಎತ್ತರದ ಮೇಲ್ಗಾಲುವೆ ಕಮಾನುಗಳಿಂದ ಹೊರಟು, 1525ರಲ್ಲಿ ಕಟ್ಟಲು ತೊಡಗಿದ ಕತೀಡ್ರಲ್ ದಾಟಿ, ಬೀದಿ ತುದಿಯ ಅಲ್ಕಾಸರ್ ಕೋಟೆ ತಲುಪಿದರೆ ಊರಿನ ಮುಖ್ಯಭಾಗ ಮುಗಿಯಿತು. ನಡಿಗೆ ಅರ್ಧ ಗಂಟೆಯೂ ಇಲ್ಲ. ಕೋಟೆಯ ಗೋಪುರಕ್ಕೆ ನೂರೈವತ್ತು ಚಿಲ್ಲರೆ ಇಕ್ಕಟ್ಟಾದ ಮೆಟ್ಟಿಲು. ಮಂಡಿನೋವಿನವರು ಕೆಳಗಿನ ಸಾನ್ ಮಾರ್ಕೋಸ್ ಹುಲ್ಲುಗಾವಲಿಗೆ ಇಳಿಯಲಿ, ಕೋಟೆಯ ಅತ್ಯುತ್ತಮ ನೋಟ ಇರುವುದೇ ಅಲ್ಲಿ.

ಟೊಲೆಡೊ ನಿಲ್ದಾಣ ಊರಿಗೆ ಹತ್ತಿರ, ಆದರೆ ತಾಹೋ ನದಿಯ ಆಚೆ ದಡದಲ್ಲಿ. ಅಲ್ಕಾಂತರ ಸೇತುವೆ ದಾಟಿ ಗುಡ್ಡ ಹತ್ತಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಸಾಫೊಂತ್ ಎಸ್ಕಲೇಟರ್ ಹಿಡಿದರೆ ಏರು ತಪ್ಪುತ್ತದೆ. ಗಲ್ಲಿಗಳು ಎಷ್ಟು ಕಿರಿದೆಂದರೆ ಮೊಬೈಲ್ ಮ್ಯಾಪ್ ತಪ್ಪು ಗಲ್ಲಿ ತೋರಿಸುತ್ತದೆ. ಕತೀಡ್ರಲ್ ಒಂದಕ್ಕೇ ಎರಡು ಗಂಟೆ ಬೇಕು. ಸಾಂತೊ ತೊಮೆ ಚರ್ಚಿನಲ್ಲಿ ಚಿತ್ರಕಾರ ಎಲ್ ಗ್ರೆಕೊನ ‘ಓರ್ಗಾಸ್ ಕೌಂಟನ ಅಂತ್ಯಕ್ರಿಯೆ’, ಯೆಹೂದಿಗಳ ಎರಡು ಹಳೇ ಪ್ರಾರ್ಥನಾ ಮಂದಿರಗಳು (ಸಿನಗಾಗ್), 999ರ ಮಸೀದಿ ಇಷ್ಟನ್ನೂ ಸೇರಿಸಿದರೆ ದಿನ ಸಾಲದು. ಹಲವು ತಾಣಗಳಿಗೆ ಒಟ್ಟಿಗೆ ನಡೆಯುವ, ಮಣಿಕಟ್ಟಿಗೆ ಕಟ್ಟುವ ಪ್ರವಾಸಿ ಪಟ್ಟಿಯ ಟಿಕೆಟ್ ಕನಿಷ್ಠ ನಾಲ್ಕು ಕಡೆ ಹೋಗುವವರಿಗಷ್ಟೇ ಲಾಭ. ಅದು ಕತೀಡ್ರಲ್‌ಗೂ ಎಲ್ ತ್ರಾನ್ಸಿತೊ ಸಿನಗಾಗ್‌ಗೂ ನಡೆಯುವುದಿಲ್ಲ. ಸೋಮವಾರ ಎಲ್ ತ್ರಾನ್ಸಿತೊ ಮುಚ್ಚಿರುತ್ತದೆ. ಭಾನುವಾರ ಕತೀಡ್ರಲ್ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನದ ಮೇಲೆ. ಚಿತ್ರಕಲೆಗಾಗಿಯೇ ಹೋಗುವವರು ಒಂದು ರಾತ್ರಿ ಅಲ್ಲೇ ಉಳಿಯಬೇಕು.

ಸಸ್ಯಾಹಾರಿಗಳಿಗೆ ಸೆಗೋವಿಯಾ ಕಷ್ಟ. ಊರಿನ ಹೆಸರುವಾಸಿ ಊಟ ಹಾಲುಗುಡಿಯುವ ಹಂದಿಮರಿಯ ರೋಸ್ಟ್. ಹುರುಳಿಕಾಯಿ ಬೀಜದ ಸಾರಿನಂತೆ ಕಾಣುವ ‘ಹುದಿಯೋನೆಸ್’ನಲ್ಲೂ ಹಂದಿ ಮಾಂಸದ ತುಂಡುಗಳಿರುತ್ತವೆ. ಹೊರಡುವ ಮುಂಚೆ ಬುತ್ತಿ ಕಟ್ಟಿಕೊಳ್ಳಿ.