ಒಂದು ಕಾರ್ಡಿನಲ್ಲಿ ಎಷ್ಟು ಯಕ್ಷಗಾನ ಆಟ ಹಿಡಿಯುತ್ತದೆ? 128 ಜಿಬಿ ಎಸ್‌ಡಿ ಕಾರ್ಡ್, ನಾಲ್ಕು ತಿರುಗಾಟದ ನಂತರ

ಮೊದಲೇ ಹೇಳಿಬಿಡುತ್ತೇನೆ, ಕಾರ್ಡಿನ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಅದರ ಪ್ಯಾಕೆಟ್ಟಿನ ಮೇಲೆ.

ಉಡುಪಿಯಲ್ಲಿ ಇದನ್ನು ಕೊಂಡು ನಾಲ್ಕು ತಿರುಗಾಟ ಆಯಿತು, ಅಂದರೆ ಯಕ್ಷಗಾನ ಮೇಳಗಳು ಊರೂರು ಸುತ್ತುವ ನಾಲ್ಕು ವರ್ಷ. ದೀಪಾವಳಿ ಕಳೆದು ಮೇಳ ಹೊರಟರೆ ಮೇ ಕೊನೆಯಲ್ಲಿ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ನಮ್ಮ ಕಡೆ ಆಟವೇ ಆಟ. ವಾರವಿಡೀ ಆಫೀಸು, ಶನಿವಾರ ರಾತ್ರಿ ನಾನು, ಕ್ಯಾಮೆರಾ, ಸ್ಟ್ಯಾಂಡು. ಪ್ಯಾಕೆಟ್ಟಿನ ಹಿಂದೆ ‘ಫುಲ್ ಎಚ್‌ಡಿ ವಿಡಿಯೋ 16 ಗಂಟೆ’ ಎಂದಿತ್ತು. ಇಡೀ ರಾತ್ರಿಯ ಆಟ ಎಂದರೂ ಒಂಬತ್ತು ಗಂಟೆ ದಾಟುವುದಿಲ್ಲ. ಧಾರಾಳ ಸಾಕು ಎಂದುಕೊಂಡೆ. ಕಂಪನಿಯ ಹೆಸರು ಬರೆಯುವುದಿಲ್ಲ, ಬೇರೆಯವರ ಪ್ಯಾಕೆಟ್ಟಿನಲ್ಲೂ ಇಂಥದ್ದೇ ಲೆಕ್ಕ ನೋಡಿದ್ದೇನೆ.

ಮೊದಲ ವರ್ಷ ಕಿನ್ನಿಗೋಳಿ ಹತ್ತಿರ ಒಂದು ಹರಕೆ ಆಟ. ರಾತ್ರಿ ಎಂಟೂವರೆಗೆ ಚೌಕಿ (ವೇಷ ಕಟ್ಟುವ ಜಾಗ) ಪೂಜೆಯಿಂದಲೇ ರೆಕಾರ್ಡಿಂಗ್ ಶುರು ಮಾಡಿದೆ. ನಡುರಾತ್ರಿ ಕಳೆದು ಗಡಿಯಾರದಲ್ಲಿ ಎರಡು ದಾಟಿತು. ದೊಂದಿಯ ಬೆಳಕು, ಚೆಂಡೆಯ ಅಬ್ಬರ, ಜನರ ನಡುವಿನಿಂದ ಮಹಿಷಾಸುರ ಕೂಗು ಹಾಕುತ್ತಾ ಬರುತ್ತಿದ್ದಾನೆ. ಎರಡು ಹತ್ತಕ್ಕೆ ಸರಿಯಾಗಿ ಕ್ಯಾಮೆರಾ ನಿಂತಿತು. ಕಾರ್ಡ್ ಫುಲ್. ಕೈಯಲ್ಲಿ ಇನ್ನೊಂದು ಕಾರ್ಡ್ ಇಲ್ಲ. ಬೆಳಿಗ್ಗೆ ಆಟ ಆಡಿಸಿದ ಮನೆಯ ಯಜಮಾನರು ಕೇಳಿದ ಮೊದಲ ಪ್ರಶ್ನೆಯೇ ಅದು: “ಮಹಿಷ ಬಂದದ್ದು ಉಂಟಲ್ಲ ಮಾರಾಯ್ರೆ?”

ಉತ್ತರ ಹೇಳುವಾಗ ನನ್ನ ಮುಖ ನೋಡಬೇಕಿತ್ತು ನೀವು.

ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಕಾರ್ಡಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವುದು ಫುಲ್ ಎಚ್‌ಡಿ, ಫೋರ್‌ಕೆ ಎಂಬ ಹೆಸರಲ್ಲ. ಅದು ಚಿತ್ರದ ಅಗಲ ಎತ್ತರ ಅಷ್ಟೇ. ನೋಡಬೇಕಾದದ್ದು ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿಗೆ ಕ್ಯಾಮೆರಾ ಎಷ್ಟು ಮೆಗಾಬಿಟ್ ಬರೆಯುತ್ತದೆ ಎಂಬುದು. ನನ್ನದು ಫುಲ್ ಎಚ್‌ಡಿಯಲ್ಲೇ 50 ಮೆಗಾಬಿಟ್ ಬರೆಯುತ್ತಿತ್ತು. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 6.25 ಮೆಗಾಬೈಟ್, ಗಂಟೆಗೆ 22.5 ಜಿಬಿ. 128ನ್ನು ಅದರಿಂದ ಭಾಗಿಸಿದರೆ 5 ಗಂಟೆ 40 ನಿಮಿಷ. ಎಂಟೂವರೆಗೆ ಅದನ್ನು ಕೂಡಿಸಿ ನೋಡಿ. ಪ್ಯಾಕೆಟ್ಟಿನ 16 ಗಂಟೆಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು 18 ಮೆಗಾಬಿಟ್ ಬರುತ್ತದೆ. ಅದನ್ನು ಅವರು ಇರುವೆ ಗಾತ್ರದ ಅಕ್ಷರದಲ್ಲಿ ಕೊನೆಗೆ ಬರೆದಿದ್ದರು. ಸುಳ್ಳು ಎನ್ನಲಾಗದು, ಆದರೆ ಅದು ನನ್ನ ಕ್ಯಾಮೆರಾ ಅಲ್ಲ.

ಈಗ ನಾನು ಬಾಯಿಲೆಕ್ಕ ಮಾಡುತ್ತೇನೆ. ಮೆಗಾಬಿಟ್ ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಜಿಬಿ ಎಂದು ಸಿಗುತ್ತದೆ. ಫೋರ್‌ಕೆ 100 ಮೆಗಾಬಿಟ್ ಆದರೆ 45 ಜಿಬಿ. ಅದರಲ್ಲಿ ಈ ಕಾರ್ಡ್ ಮೂರು ಗಂಟೆಯೂ ಬಾರದು, ಕಾಲಮಿತಿ ಆಟಕ್ಕೂ ಕಷ್ಟ. ಎರಡನೇ ವರ್ಷದಿಂದ 28 ಮೆಗಾಬಿಟ್‌ಗೆ ಇಳಿಸಿದೆ. ಗಂಟೆಗೆ 12.6 ಜಿಬಿ, ಒಟ್ಟು ಹತ್ತು ಗಂಟೆ. ಇಡೀ ಆಟ ಒಂದೇ ಕಾರ್ಡಿನಲ್ಲಿ. 16ಕ್ಕೂ ಇಳಿಸಿ ನೋಡಿದ್ದೆ, ವೇಷ ಹಾರಿ ತಿರುಗುತ್ತಾ ದಿಗಿಣ ಹೊಡೆಯುವಾಗ ಚಿತ್ರ ಚೌಕ ಚೌಕ ಆಗಿ ಒಡೆಯುತ್ತದೆ. ಬೇಡ.

ಫೋನಿನಲ್ಲಿ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಅಲ್ಲಿ ಬಿಟ್‌ರೇಟ್ ಏರಿಳಿಯುತ್ತದೆ. ಅದೇ ಫೋನು, ಅದೇ ಸೆಟ್ಟಿಂಗ್. ತಾಳಮದ್ದಳೆ ಗಂಟೆಗೆ 5 ಜಿಬಿ ಆದರೆ ಬಯಲಾಟ 8 ಜಿಬಿ ತಿಂದಿತು. ತಾಳಮದ್ದಳೆಯಲ್ಲಿ ಎಲ್ಲರೂ ಕೂತಿರುತ್ತಾರೆ, ಹಿಂದಿನ ಬಟ್ಟೆ ಅಲುಗುವುದಿಲ್ಲ, ಬದಲಾದಷ್ಟನ್ನು ಮಾತ್ರ ಬರೆದರೆ ಸಾಕು. ರಂಗಸ್ಥಳದಲ್ಲಿ ಎಲ್ಲವೂ ಕುಣಿಯುತ್ತದೆ. ಅದಕ್ಕೇ ಹೇಳುವುದು, ನಿಮ್ಮದೇ ಫೋನಿನಲ್ಲಿ ನೀವು ತೆಗೆಯುವಂಥದ್ದನ್ನೇ ಹತ್ತು ನಿಮಿಷ ತೆಗೆದು ಫೈಲ್ ಎಷ್ಟು ದೊಡ್ಡದು ನೋಡಿ, ಆರರಿಂದ ಗುಣಿಸಿ. ಎಚ್.265 (ವಿಡಿಯೋವನ್ನು ಇನ್ನಷ್ಟು ಕುಗ್ಗಿಸುವ ವಿಧಾನ) ಆಯ್ಕೆ ಇದ್ದರೆ ಹೆಚ್ಚುಕಡಿಮೆ ಅರ್ಧ ಜಾಗ ಉಳಿಯುತ್ತದೆ. ಹಳೆ ಟಿವಿಗೆ ಮಾತ್ರ ಅದು ತಿಳಿಯದು.

ಕಂಪ್ಯೂಟರಿಗೆ ಹಾಕಿದರೆ 128ರ ಬದಲು 119 ಎಂದು ತೋರಿಸುತ್ತದೆ. ನಾನೂ ಮೊದಲು ಅಂಗಡಿಗೆ ಹೋಗಿ ಜಗಳಕ್ಕೆ ನಿಂತಿದ್ದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಕ್ಕಿ ಅಷ್ಟೇ, ಸೇರು ಬೇರೆ. ಮೇಲಿನ ಲೆಕ್ಕಕ್ಕೆ 128 ಎಂದೇ ಹಿಡಿಯಿರಿ.

ಅದೇ ಅಂಗಡಿಯಲ್ಲಿ ಮುಂದಿನ ಸಲ ವಿ90 ಕಾರ್ಡ್ ತೆಗೆದುಕೊಳ್ಳಿ, ವಿಡಿಯೋಗೆ ಅದೇ ಬೇಕು ಎಂದರು. ಬೆಲೆ ಕೇಳಿಯೇ ವಾಪಸ್ ಬಂದೆ. ನನ್ನದು ವಿ30. ಸೆಕೆಂಡಿಗೆ ಕಡಿಮೆಯೆಂದರೂ 30 ಮೆಗಾಬೈಟ್ ಬರೆಯುತ್ತದೆ ಎಂದರ್ಥ, ಅಂದರೆ 240 ಮೆಗಾಬಿಟ್. ನನಗೆ ಬೇಕಾದದ್ದು 28. ಬಿಟ್ಟು ಬೈಟು ಎರಡೂ ಒಂದೇ ಎಂದುಕೊಂಡವರ ಜೇಬಿಗೆ ಕತ್ತರಿ ಬೀಳುವುದು ಇಲ್ಲೇ.

ಇನ್ನು ಮೋಸದ್ದು. ನನ್ನ ಭಾವ ಆನ್‌ಲೈನಿನಲ್ಲಿ ಸಿಕ್ಕಾಪಟ್ಟೆ ಕಡಿಮೆಗೆ 1 ಟಿಬಿ ಪೆನ್‌ಡ್ರೈವ್ ತರಿಸಿದ್ದರು. ಕಂಪ್ಯೂಟರ್ ಕೂಡ 1 ಟಿಬಿ ಎಂದೇ ತೋರಿಸಿತು. 30 ಜಿಬಿ ದಾಟಿದ ಮೇಲೆ ಹಾಕಿದ ಯಾವ ಫೈಲೂ ತೆರೆಯಲಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಉಂಟು, ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತದೆ. ಹೊಸದು ತಂದ ದಿನವೇ ಅದನ್ನು ಓಡಿಸಿ. ನನ್ನ ಕಾರ್ಡ್ ಅದರಲ್ಲಿ ಪಾಸಾಗಿತ್ತು.

ನಾಲ್ಕು ವರ್ಷದಲ್ಲಿ ಒಂದು ಫೈಲೂ ಹಾಳಾಗಿಲ್ಲ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುತ್ತೇನೆ, ನಮ್ಮ ಊರಿನ ಶೀತಕ್ಕೆ ಲೆನ್ಸಿಗೆ ಬೂಷ್ಟು ಬಂತು, ಕಾರ್ಡಿಗೆ ಏನೂ ಆಗಲಿಲ್ಲ. ಬದಿಯ ಲಾಕ್ ಮಾತ್ರ ಮುರಿಯಿತು, ಅಲ್ಲಿ ಟೇಪ್ ಅಂಟಿಸಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಪ್ಯಾಕೆಟ್ಟಿಗೆ.

ಕಿನ್ನಿಗೋಳಿಯ ಯಜಮಾನರು ಅದೇ ಮೇಳಕ್ಕೆ ಮತ್ತೆ ಹರಕೆ ಆಟ ಬುಕ್ ಮಾಡಿದ್ದಾರೆ. ಸರದಿ ಬರಲು ಇನ್ನೂ ವರ್ಷಗಳುಂಟಂತೆ. ಈ ಸಲ ಎರಡು ಕಾರ್ಡ್ ತರಬೇಕು ಎಂದು ಈಗಲೇ ಹೇಳಿಟ್ಟಿದ್ದಾರೆ.