ಮೆರಿಲ್ ರೀಸ್, ಮೈಕ್ ಕ್ವಿಕ್ ಜೋಡಿ: ಕೇಳಲು ಹಬ್ಬ, ಟಿವಿಗೆ ಹೊಂದಿಸುವುದೇ ತಲೆನೋವು

ಟಿವಿಯ ಬಾಯಿ ಮುಚ್ಚಿಸಿ, ರೇಡಿಯೋ ಹಚ್ಚಿಕೊಂಡು ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್‌ನ ಆಟ ನೋಡುವುದು ಫಿಲಡೆಲ್ಫಿಯಾ ಕಡೆಯ ಹಳೇ ರೂಢಿ. ಟಿವಿಯವರು ಇಡೀ ದೇಶಕ್ಕೆ ಹೇಳುತ್ತಾರೆ, 94.1 ಎಫ್‌ಎಂನ ಮೆರಿಲ್ ರೀಸ್ ಊರಿನವರಿಗೆ ಹೇಳುತ್ತಾರೆ. ವರ್ಷಗಟ್ಟಲೆ ಹೀಗೆ ಕೇಳಿದ ಮೇಲಿನ ತೀರ್ಪು ಇದು: ವೀಕ್ಷಕ ವಿವರಣೆಗೆ ಪೂರ್ತಿ ಅಂಕ, ಅದು ಕಿವಿಗೆ ತಲುಪುವ ದಾರಿಗೆ ಪಾಸ್ ಮಾರ್ಕೂ ಇಲ್ಲ.

ಮೊದಲು ದೂರನ್ನೇ ಮುಗಿಸೋಣ. ಚಿತ್ರವೂ ಮಾತೂ ಒಟ್ಟಿಗೆ ಬರುವುದೇ ಇಲ್ಲ. ಆಂಟೆನಾ ಹಾಕಿದ ಟಿವಿ ಮೈದಾನಕ್ಕಿಂತ ಕೆಲವೇ ಸೆಕೆಂಡು ಹಿಂದಿರುತ್ತದೆ, ಕೇಬಲ್ ಇನ್ನೊಂದಿಷ್ಟು ಹಿಂದೆ, ಇಂಟರ್ನೆಟ್ ಟಿವಿ ಅರ್ಧ ನಿಮಿಷಕ್ಕೂ ಮೀರಿ ಹಿಂದುಳಿಯುತ್ತದೆ. ಎಫ್‌ಎಂ ಸಾಮಾನ್ಯವಾಗಿ ಇವೆಲ್ಲಕ್ಕಿಂತ ಮುಂದೆ. ಪರದೆಯ ಮೇಲೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಇನ್ನೂ ಸ್ನ್ಯಾಪ್‌ಗೆ, ಅಂದರೆ ಚೆಂಡು ತನ್ನ ಕೈಗೆ ಬರುವುದಕ್ಕೆ, ಕಾಯುತ್ತಿರುತ್ತಾನೆ, ರೇಡಿಯೋದಲ್ಲಿ ಆಗಲೇ ಚೆಂಡು ಗೋಲ್ ಗೆರೆ ದಾಟಿ ಟಚ್‌ಡೌನ್ ಆಗಿ ಹೋಗಿರುತ್ತದೆ. ಆ್ಯಪ್ ಮೂಲಕ ಕೇಳಿದರೆ ಇದೇ ಉಲ್ಟಾ: ಪರದೆಯಲ್ಲಿ ಎಲ್ಲ ಮುಗಿದು ಜಾಹೀರಾತು ಓಡುತ್ತಿರುವಾಗ ರೀಸ್ ಉಸಿರು ಬಿಗಿಹಿಡಿದು ಕಿಕ್‌ಗೆ ಕಾಯುತ್ತಿರುತ್ತಾರೆ.

ಮಾತು ಹಿಂದಿದ್ದರೆ ಪರಿಹಾರ ಸುಲಭ. ರೆಕಾರ್ಡಿಂಗ್ ಸೌಲಭ್ಯವಿರುವ ಟಿವಿ ಬಾಕ್ಸ್ ಬೇಕು, ಅಷ್ಟೇ. ಆಟ ಶುರುಮಾಡುವ ಒದೆತದಲ್ಲಿ, ಅಂದರೆ ಕಿಕಾಫ್‌ನಲ್ಲಿ, ಕಿಕ್ಕರ್‌ನ ಕಾಲು ಚೆಂಡಿಗೆ ತಾಗಿದ ಚೌಕಟ್ಟಿನಲ್ಲೇ ಚಿತ್ರವನ್ನು ಪಾಜ್ ಮಾಡಿ. ಚೆಂಡು ಹೊರಟಿತೆಂದು ರೀಸ್ ಹೇಳಿದ ತಕ್ಷಣ ಬಿಡಿ. 2024ರ ಹೊಸ ಕಿಕಾಫ್ ನಿಯಮದಿಂದ ಈ ಕೆಲಸ ಇನ್ನೂ ಸಲೀಸಾಗಿದೆ. ಚೆಂಡು ನೆಲಕ್ಕೋ ಆಟಗಾರನಿಗೋ ತಾಗುವ ತನಕ ಉಳಿದವರು ಕದಲುವಂತಿಲ್ಲವಾದ್ದರಿಂದ ಒದ್ದ ಗಳಿಗೆ ಎದ್ದು ಕಾಣುತ್ತದೆ. ಆಮೇಲೆ ಅಪ್ಪಿತಪ್ಪಿಯೂ ರಿಮೋಟ್‌ನ 'ಲೈವ್' ಗುಂಡಿ ಒತ್ತಬಾರದು, ಮಾಡಿದ್ದೆಲ್ಲ ನೀರುಪಾಲು. ಆ್ಯಪ್ ತನ್ನದೇ ಜಾಹೀರಾತು ತುರುಕಿದಾಗ ಅಥವಾ ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹಾರಿದಾಗ ಅಂತರ ಮತ್ತೆ ಬದಲಾಗುತ್ತದೆ. ಪ್ರತಿ ಕ್ವಾರ್ಟರ್ ಶುರುವಿಗೆ ಒಮ್ಮೆ ಸರಿಮಾಡಿಕೊಳ್ಳುವುದು ಒಳ್ಳೆಯದು.

ಎಫ್‌ಎಂ ಮುಂದಿದ್ದರೆ ಮಾತ್ರ ಕಷ್ಟ, ಏಕೆಂದರೆ ತಡಮಾಡಬೇಕಾದದ್ದು ರೇಡಿಯೋವನ್ನು. ರೇಡಿಯೋದ ಇಯರ್‌ಫೋನ್ ತೂತಿನಿಂದ 3.5 ಎಂಎಂ ಕೇಬಲ್ ಎಳೆದು ಲ್ಯಾಪ್‌ಟಾಪ್‌ಗೆ ಕೊಟ್ಟು, ಡಿಲೇ ಕೂಡಿಸುವ ತಂತ್ರಾಂಶದಲ್ಲಿ ಸೆಕೆಂಡುಗಳನ್ನು ಏರಿಸುತ್ತ ಹೋಗಬೇಕು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕ ಮೈಕ್ ಇನ್‌ಪುಟ್ ಇರುವುದಿಲ್ಲ, ಒಂದು ಯುಎಸ್‌ಬಿ ಆಡಿಯೋ ಅಡಾಪ್ಟರ್ ಬೇಕಾಗುತ್ತದೆ. ಅದು ಸಸ್ತಾ ಸಿಗುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ರೀಸ್. 1977ರಿಂದ ಈಗಲ್ಸ್‌ನ ದನಿ ಅವರದೇ. ಪ್ರತಿ ಸ್ನ್ಯಾಪ್‌ಗೆ ಮುಂಚೆ ಎಷ್ಟನೇ ಡೌನ್ (ಚೆಂಡು ಮುಂದೊಯ್ಯುವ ಯತ್ನ), ಎಷ್ಟು ಯಾರ್ಡ್ ಬೇಕು, ಚೆಂಡು ಯಾವ ಗೆರೆಯಲ್ಲಿದೆ, ಕ್ವಾರ್ಟರ್‌ಬ್ಯಾಕ್ ಎಲ್ಲಿ ನಿಂತಿದ್ದಾನೆ, ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಮುಂದಿನ ಸ್ನ್ಯಾಪ್‌ಗೆ ಗಡುವು ಹಾಕುವ ಪ್ಲೇ ಕ್ಲಾಕ್ ಇರುವುದೇ 40 ಸೆಕೆಂಡು, ಅದರೊಳಗೆ ಜೊತೆಗಾರ ಮೈಕ್ ಕ್ವಿಕ್ ಅವರ ವಿಶ್ಲೇಷಣೆಯೂ ಮುಗಿಯಬೇಕು. ಕಣ್ಣುಮುಚ್ಚಿ ಕೇಳಿದರೂ ಚೆಂಡು ಎಲ್ಲಿದೆ ಎಂಬ ಗೊಂದಲವಿಲ್ಲ. ಫೀಲ್ಡ್ ಗೋಲ್ ಕಂಬಗಳ ನಡುವೆ ಹಾದಾಗ ಎಳೆದು ಹೇಳುವ "ಇಟ್ಸ್ ಗುಽಽಡ್" ಅಂತೂ ಊರಿನ ಆಸ್ತಿ. 2017ರ ಸೆಪ್ಟೆಂಬರ್‌ನಲ್ಲಿ ಜೈಂಟ್ಸ್ ಎದುರು ಜೇಕ್ ಎಲಿಯಟ್ ಕೊನೆಯ ಗಳಿಗೆಯಲ್ಲಿ 61 ಯಾರ್ಡ್‌ನಿಂದ ಒದ್ದದ್ದನ್ನು ರೀಸ್ ದನಿಯಲ್ಲೇ ಕೇಳಬೇಕು.

ಅವರ ಕಸುಬು ಗೊತ್ತಾಗುವುದು ಆಟ ಕೈಮೀರಿ ಗೊಂದಲವಾದಾಗ. 1978ರಲ್ಲಿ ಜೈಂಟ್ಸ್ ಚೆಂಡು ಹಿಡಿದು ಸುಮ್ಮನೆ ಮಂಡಿಯೂರಿ ಸಮಯ ಕಳೆದಿದ್ದರೆ ಗೆಲ್ಲುತ್ತಿದ್ದ ಆಟದಲ್ಲಿ ಚೆಂಡು ಕೈಜಾರಿತು, ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಎತ್ತಿಕೊಂಡು ಓಡಿ 19-17ಕ್ಕೆ ಮುಗಿಸಿದ. 2010ರ ಡಿಸೆಂಬರ್ 19ರಂದು ಅದೇ ಜೈಂಟ್ಸ್ ಎದುರು ಡಿಶಾನ್ ಜ್ಯಾಕ್ಸನ್ ಎದುರಾಳಿ ಒದ್ದುಕೊಟ್ಟ ಚೆಂಡನ್ನು (ಪಂಟ್) ಹಿಡಿಯುವಾಗ ಚೆಂಡು ಬಿಟ್ಟ, ಮತ್ತೆ ಎತ್ತಿಕೊಂಡ, 65 ಯಾರ್ಡ್ ಓಡಿದ, 38-31. ಎರಡಕ್ಕೂ ಮೈಕ್ ಹಿಡಿದವರು ರೀಸ್. ಎರಡನೆಯದರ ಧ್ವನಿಮುದ್ರಣ ಗಮನಿಸಿ: ಎಷ್ಟೇ ಕೂಗಿದರೂ ಬಿಟ್ಟದ್ದು, ಎತ್ತಿದ್ದು, ಓಡಿದ್ದು ಅನುಕ್ರಮ ತಪ್ಪದೆ ಬರುತ್ತವೆ.

ಕ್ವಿಕ್ 1998ರಿಂದ ಜೊತೆಗಿದ್ದಾರೆ, ಅದಕ್ಕೂ ಮುಂಚೆ ಇದೇ ತಂಡದಲ್ಲಿ ಎಸೆದ ಚೆಂಡು ಹಿಡಿಯುವ ರಿಸೀವರ್. 1985ರಲ್ಲಿ ಅಟ್ಲಾಂಟಾ ಎದುರು ಓವರ್‌ಟೈಮ್‌ನಲ್ಲಿ ರಾನ್ ಜವಾರ್ಸ್ಕಿ ಎಸೆದ ಚೆಂಡನ್ನು ಅವರು 99 ಯಾರ್ಡ್‌ಗೆ ಒಯ್ದಾಗ ವಿವರಣೆ ಕೊಟ್ಟಿದ್ದವರೂ ರೀಸ್ ಅವರೇ! ರಿಸೀವರ್ ಯಾವ ಭುಜದ ಕಡೆಗೆ ತಿರುಗಬೇಕಿತ್ತು, ಡಿಫೆಂಡರ್ ಯಾಕೆ ಅರ್ಧ ಹೆಜ್ಜೆ ಹಿಂದೆ ಬಿದ್ದ, ಇಂಥವನ್ನು ಕ್ವಿಕ್ ಅವರಷ್ಟು ಚೆನ್ನಾಗಿ ಹೇಳುವವರು ಕಡಿಮೆ. ಮುಂಚೂಣಿಯ ದಾಂಡಿಗರ (ಲೈನ್‌ನ) ಜಗ್ಗಾಟ ಬಂದಾಗ ಮಾತು ಸ್ವಲ್ಪ ಸೊರಗುತ್ತದೆ. ಟುಶ್ ಪುಶ್‌ನಲ್ಲಿ ಹರ್ಟ್ಸ್‌ನನ್ನು ಹಿಂದಿನಿಂದ ದಬ್ಬಿ ಎಲ್ಲರೂ ಗುಡ್ಡೆಯಾದಾಗ ಚೆಂಡು ಯಾರಿಗೂ ಕಾಣುವುದಿಲ್ಲ. ಮೈದಾನದ ಅಧಿಕಾರಿಗಳು ಗೆರೆ ತೋರಿಸುವ ತನಕ ಕಾಯುವುದೇ ಸರಿ.

ಪಕ್ಷಪಾತ ಇದೆಯಾ? ಧಾರಾಳವಾಗಿ ಇದೆ, ಇದು ತಂಡದ ಪ್ರಸಾರ. ತಟಸ್ಥ ಮಾತು ಬೇಕಾದವರಿಗೆ ಟಿವಿ ಇದ್ದೇ ಇದೆ. ನನ್ನ ತಕರಾರು ಪ್ರಾಯೋಜಕರ ಹೆಸರುಗಳ ಬಗ್ಗೆ. ಫಸ್ಟ್ ಡೌನ್‌ಗೂ ಒಬ್ಬ ಪ್ರಾಯೋಜಕ ಅಂದರೆ ಅತಿಯಾಯಿತು.

ಖರ್ಚಿನ ಲೆಕ್ಕದಲ್ಲಿ ರೇಡಿಯೋವನ್ನು ಮೀರಿಸುವುದು ಬೇರಿಲ್ಲ. ಟಿವಿ ಪ್ರಸಾರ ಹಲವು ಚಾನೆಲ್, ಆ್ಯಪ್‌ಗಳಿಗೆ ಹಂಚಿಹೋಗಿದೆ. ಎಫ್‌ಎಂನಲ್ಲಿ ಸೀಸನ್ನಿನ 17 ಆಟವೂ ಬಿಟ್ಟಿ. ಅಮೆರಿಕದ ಬೇರೆ ಊರಿನಲ್ಲಿರುವವರು ಲೀಗ್‌ನದೇ ಸೇವೆಯಾದ ಎನ್‌ಎಫ್‌ಎಲ್ ಪ್ಲಸ್‌ಗೆ ಚಂದಾ ಕಟ್ಟಿದರೆ ಎರಡೂ ತಂಡದ ರೇಡಿಯೋ ಸಿಗುತ್ತದೆ.

ಈಗಲ್ಸ್‌ನ ಮೈದಾನ ಲಿಂಕನ್ ಫೈನಾನ್ಶಿಯಲ್ ಫೀಲ್ಡ್‌ಗೆ ರೇಡಿಯೋ ಒಯ್ಯುವವರಿಗೊಂದು ಮಾತು. ಎಚ್‌ಡಿ ರೇಡಿಯೋ (ಎಫ್‌ಎಂ ಜೊತೆಗೇ ಬರುವ ಡಿಜಿಟಲ್ ಪ್ರಸಾರ) ಇರುವ ಸ್ಟೇಷನ್‌ಗಳು ಡಿಜಿಟಲ್ ಸದ್ದಿಗೆ ಹೊಂದಲೆಂದು ಮಾಮೂಲಿ ಎಫ್‌ಎಂ ಅನ್ನೂ ಸುಮಾರು 8 ಸೆಕೆಂಡು ತಡಮಾಡುತ್ತವೆ. ಆಟದ ಹೊತ್ತಿಗೆ ಕೆಲವರು ಈ ತಡವನ್ನು ತೆಗೆದುಹಾಕುತ್ತಾರೆ, ಕೆಲವರು ತೆಗೆಯುವುದಿಲ್ಲ. ಕಿಕಾಫ್‌ನಲ್ಲೇ ಪರೀಕ್ಷಿಸಿ, 8 ಸೆಕೆಂಡು ಹಿಂದಿದ್ದರೆ ರೇಡಿಯೋ ಚೀಲದಲ್ಲಿಡಿ, ಪಕ್ಕದವರ ಕೂಗಾಟವೇ ಸಾಕು.