ಜಿಆರ್‌ಇ ಕೋಚಿಂಗ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಬೆಂಗಳೂರಿನ ಒಂದು ಸೆಂಟರ್ ನನ್ನ ಹತ್ರ 38,000 ರೂಪಾಯಿ ಈಸ್ಕೊಂಡು, ಈಗ ಇಲ್ಲವೇ ಇಲ್ಲದ ಪರೀಕ್ಷೆಗೆ ಪಾಠ ಮಾಡಿದೆ. ಹೆಸರು ಹಾಕಲ್ಲ. ಮಾಡಿದ್ದನ್ನ ಮಾತ್ರ ಬರೀತೀನಿ.

ಜಿಆರ್‌ಇ, ಅಂದ್ರೆ ವಿದೇಶದಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಸೇರೋಕೆ ಬರೆಯೋ ಪರೀಕ್ಷೆ, 2023ರ ಸೆಪ್ಟೆಂಬರ್ 22ರಿಂದಲೇ ಬದಲಾಗಿದೆ. ಮೂರೂಮುಕ್ಕಾಲು ಗಂಟೆ ಇದ್ದದ್ದು ಈಗ 1 ಗಂಟೆ 58 ನಿಮಿಷ. ಆರ್ಗ್ಯುಮೆಂಟ್ ಎಸ್ಸೇ ತೆಗೆದಿದ್ದಾರೆ, ಉಳಿದಿರೋದು 30 ನಿಮಿಷದ ಇಶ್ಯೂ ಎಸ್ಸೇ ಒಂದೇ. ವರ್ಬಲ್ (ಇಂಗ್ಲಿಷ್ ಭಾಗ) ಮೊದಲ ಸೆಕ್ಷನ್ 12 ಪ್ರಶ್ನೆ, 18 ನಿಮಿಷ. ಎರಡನೇದು 15 ಪ್ರಶ್ನೆ, 23 ನಿಮಿಷ. ಕ್ವಾಂಟ್ (ಗಣಿತ) 12 ಪ್ರಶ್ನೆಗೆ 21 ನಿಮಿಷ, 15ಕ್ಕೆ 26. ಮಧ್ಯೆ ಬ್ರೇಕ್ ಇಲ್ಲ. ಈ ಸೆಂಟರ್‌ನಲ್ಲಿ ಕೊಟ್ಟಿದ್ದು 20 ಪ್ರಶ್ನೆಯ ಹಳೇ ಸೆಕ್ಷನ್‌ಗಳು, ಜೊತೆಗೆ ಆರ್ಗ್ಯುಮೆಂಟ್‌ಗೆ ಎಂಟು ಕ್ಲಾಸ್. ಎಂಟು!

ಗೊತ್ತಾಗಿದ್ದು ಪರೀಕ್ಷೆಗೆ ಮೂರು ವಾರ ಇದ್ದಾಗ, ಜಿಆರ್‌ಇ ನಡೆಸೋ ಇಟಿಎಸ್‌ನವರೇ ಪುಕ್ಕಟೆ ಕೊಡೋ ಪವರ್‌ಪ್ರೆಪ್ ಅನ್ನೋ ಅಭ್ಯಾಸದ ಟೆಸ್ಟ್ ತೆರೆದ ಮೇಲೆ. ಇಶ್ಯೂ ಮುಗೀತು, ಇನ್ನೇನು ಆರ್ಗ್ಯುಮೆಂಟ್ ಬರುತ್ತೆ ಅಂತ ಕೂತರೆ ಬರಲೇ ಇಲ್ಲ. 12ನೇ ಪ್ರಶ್ನೆಗೆ ಸೆಕ್ಷನ್ ಮುಗಿದೇಹೋಯ್ತು. ಆ ಕ್ಷಣ ಹೊಟ್ಟೇಲಿ ಬೆಂಕಿ ಬಿದ್ದ ಹಾಗಾಯ್ತು.

ಸೆಂಟರ್‌ಗೆ ಫೋನ್ ಮಾಡಿದರೆ ಉತ್ತರ: "ಸರ್, ಕಾನ್ಸೆಪ್ಟ್ ಅದೇ ಅಲ್ವಾ? ಒಂದೊಂದು ಪ್ರಶ್ನೆಗೆ ಸಿಗೋ ಟೈಮೂ ಹೆಚ್ಚುಕಮ್ಮಿ ಅಷ್ಟೇ." ಟೈಮಿನ ಮಾತು ನಿಜ. ಆಗಲೂ ವರ್ಬಲ್‌ಗೆ ಒಂದೂವರೆ ನಿಮಿಷ, ಈಗಲೂ ಸುಮಾರು ಅಷ್ಟೇ. ಮೋಸ ಇರೋದು ಸ್ಕೋರಲ್ಲಿ. ಮೊದಲ 12 ಹೇಗೆ ಮಾಡ್ತೀರೋ ಅದರ ಮೇಲೆ ಎರಡನೇ ಸೆಕ್ಷನ್ ಸುಲಭವೋ ಕಷ್ಟವೋ ಅಂತ ನಿರ್ಧಾರ ಆಗುತ್ತೆ. ಅಲ್ಲಿ ಎಡವಿದರೆ ಸುಲಭದ ಸೆಕ್ಷನ್ ಬರುತ್ತೆ, ಅದನ್ನ ಪೂರ್ತಿ ಸರಿ ಮಾಡಿದರೂ ಮೇಲಿನ ಸ್ಕೋರ್ ಕೈಗೆ ಸಿಗಲ್ಲ. ಮೊದಲು 40 ಪ್ರಶ್ನೆ ಇದ್ದಲ್ಲಿ ಈಗ 27, ಅಂದರೆ ಒಂದೊಂದು ತಪ್ಪೂ ಜಾಸ್ತಿ ಹೊಡೆಯುತ್ತೆ. ಇವರ ಮಾಕ್ ಟೆಸ್ಟ್‌ನಲ್ಲಿ ಎಲ್ಲರಿಗೂ ಅದೇ ಎರಡನೇ ಸೆಕ್ಷನ್, ಸರಿ ಉತ್ತರ ಎಣಿಸಿ ಒಂದು ನಂಬರ್ ಕೊಡೋದು. ಅಲ್ಲಿ ನನಗೆ ಬಂದಿದ್ದು 324, ಪವರ್‌ಪ್ರೆಪ್‌ನಲ್ಲಿ 309.

ದುಡ್ಡು ವಾಪಸ್ ಕೇಳಿದ್ದಕ್ಕೆ: "ರಸೀದಿ ಹಿಂದೆ ಓದಿಲ್ವಾ ಸರ್? ನೋ ರೀಫಂಡ್." ಆರ್ಗ್ಯುಮೆಂಟ್ ಕ್ಲಾಸ್ ಬಗ್ಗೆ: "ಎಕ್ಸ್‌ಟ್ರಾ ಪ್ರಾಕ್ಟೀಸ್ ಆಯ್ತಲ್ಲ ಬಿಡಿ." ಆರ್ಗ್ಯುಮೆಂಟ್ ಅಂದ್ರೆ ಬೇರೆಯವರ ವಾದದ ಹುಳುಕು ಹುಡುಕೋದು, ಇಶ್ಯೂ ಅಂದ್ರೆ ನಮ್ಮ ನಿಲುವನ್ನ ಉದಾಹರಣೆ ಕೊಟ್ಟು ನಿಲ್ಲಿಸೋದು. ಎಂಥ ಪ್ರಾಕ್ಟೀಸ್?

ಇನ್ನೊಂದು. ಇಟಿಎಸ್ ಅಕೌಂಟ್‌ನ ಇವರೇ ತಮ್ಮ ಇಮೇಲ್ ಹಾಕಿ ಮಾಡ್ತಾರೆ. ಬಿಡಬೇಡಿ. ಸ್ಕೋರ್ ಬರೋದು ಅಲ್ಲಿಗೇ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ನೀವೇ ಹಾಕಿ. ತಾರೀಖು ಮುಂದೂಡೋದಿದ್ದರೆ ನಾಲ್ಕು ದಿನ ಮೊದಲೇ ಮುಂದೂಡಿ, ಆಮೇಲೆ ಫೀಸು ಹೋಯ್ತು ಅಂತಲೇ ಲೆಕ್ಕ. ಮತ್ತೆ ಬರೆಯೋಕೆ 21 ದಿನ ಕಾಯಲೇಬೇಕು.

ಸೇರೋ ಮುಂಚೆ ಪವರ್‌ಪ್ರೆಪ್ ಒಂದು ಸಲ ಮಾಡಿ ನೋಡಿ. ಆಮೇಲೆ ಕೌಂಟರ್‌ನಲ್ಲಿ ಕೇಳಿ: "ಆರ್ಗ್ಯುಮೆಂಟ್ ಎಸ್ಸೇಗೆ ಎಷ್ಟು ಕ್ಲಾಸ್?" ಅವರು ಒಂದು ಸಂಖ್ಯೆ ಹೇಳಿದರೆ ಎದ್ದು ಬನ್ನಿ.